ಅಕ್ಕನಿಗೆ ನೆನಪಾದದ್ದು

ಅಕ್ಕನಿಗೆ ಮೊದಲ ಸಲ ಉಸಿರು ಕಟ್ಟಿದ್ದು ಲೋಕಲ್ ರೈಲಿನಲ್ಲಿ. ಠಾಣೆ ಬಿಟ್ಟ ಗಾಡಿ ಮುಲುಂಡಿಗೆ ಸ್ವಲ್ಪ ಮೊದಲು ಸುಮ್ಮನೆ ನಿಂತುಬಿಟ್ಟಿತ್ತು. ಲೇಡೀಸ್ ಡಬ್ಬಿಯಲ್ಲಿ ಕೈ ಮೇಲೆತ್ತಲೂ ಜಾಗವಿರಲಿಲ್ಲ. ಎದೆ ಒಂದೇ ಸಮನೆ ಬಡಿದುಕೊಂಡು, ಬೆರಳ ತುದಿ ಜುಮುಜುಮು ಎಂದು, ಈಗ ಸತ್ತೇ ಹೋಗುತ್ತೇನೆ ಅನಿಸಿತಂತೆ. ಗುರುತಿಲ್ಲದ ಹೆಂಗಸರು ಅವಳನ್ನು ಮುಲುಂಡಿನಲ್ಲಿ ಇಳಿಸಿ, ನೀರು ಕುಡಿಸಿ, ಭಾವನಿಗೆ ಫೋನು ಮಾಡಿದರು. ಇಸಿಜಿ ಸರಿಯಿತ್ತು. ರಕ್ತ, ಥೈರಾಯ್ಡ್, ಎಲ್ಲ ಸರಿಯಿತ್ತು. "ಏನೂ ಇಲ್ಲ, ಟೆನ್ಷನ್ ಅಷ್ಟೇ" ಎಂದರು ಡಾಕ್ಟರು. ಆ ಏನೂ ಇಲ್ಲದ್ದು ಮುಂದಿನ ವಾರ ಮಾಲ್‌ನಲ್ಲಿ ಬಂತು. ಆಮೇಲೆ ಅವಳದೇ ಕಟ್ಟಡದ ಲಿಫ್ಟಿನಲ್ಲಿ ಬಂತು.

ಅಕ್ಕನ ಮನೆ ಘೋಡಬಂದರ್ ರಸ್ತೆಯಲ್ಲಿ, ಕಿಟಕಿಯಿಂದ ಖಾಡಿಯ ಹಿನ್ನೀರು ಕಾಣುವ ಎತ್ತರದ ಟವರಿನಲ್ಲಿ. ಅವಳು ಬ್ಯಾಂಕಿನಲ್ಲಿ ಅಧಿಕಾರಿ, ಭಾವ ಬೆಂಗಳೂರಿನವರು, ಫೈನಾನ್ಸ್ ಕಂಪನಿಯಲ್ಲಿದ್ದಾರೆ, ಒಬ್ಬಳು ಮಗಳು. ನಾನು ಡೊಂಬಿವಲಿಯಲ್ಲಿ ಗಂಡನೊಂದಿಗೆ ಇದ್ದೇನೆ, ವಾಶಿಯ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ನಮ್ಮ ಜೊತೆಯಲ್ಲಿ ದೊಡ್ಡಮ್ಮ ಇದ್ದಾರೆ, ಅಮ್ಮನ ಅಕ್ಕ. ನಾವಿಬ್ಬರು ಇನ್ನೂ ಶಾಲೆಗೆ ಸರಿಯಾಗಿ ಹೋಗಲು ಶುರುಮಾಡುವ ಮೊದಲೇ ಅಮ್ಮನಿಗೆ ಕ್ಷಯವಾಗಿ, ಆಸ್ಪತ್ರೆ, ಊರಾದ ಉಡುಪಿ, ಮತ್ತೆ ಆಸ್ಪತ್ರೆ ಅಂತ ಓಡಾಡಬೇಕಾಯಿತು. ಆಗ ನಮ್ಮನ್ನು ವರ್ತಕ ನಗರದ ತಮ್ಮ ಮನೆಗೆ ಕರೆದುಕೊಂಡು ಬಂದು ಸಾಕಿದವರು ದೊಡ್ಡಮ್ಮ. ಅವರಿಗೆ ಮಕ್ಕಳಿರಲಿಲ್ಲ. ದೊಡ್ಡಪ್ಪ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂರುತ್ತಿದ್ದರು, ಬೆಳಿಗ್ಗೆ ಹೋದರೆ ನಾವು ಮಲಗಿದ ಮೇಲೆಯೇ ಬರುತ್ತಿದ್ದದ್ದು. ಒಂದು ಕೋಣೆ, ಒಂದು ಅಡುಗೆಮನೆ, ಅಡುಗೆಮನೆಯ ಮೂಲೆಗೆ ಗಿಡ್ಡ ಕಟ್ಟೆ ಕಟ್ಟಿದ ಮೋರಿ. ಪಾತ್ರೆ ತೊಳೆಯುವುದೂ ಸ್ನಾನವೂ ಅಲ್ಲೇ.

ಟವರಿನಲ್ಲೇ ಇದ್ದ ಗೆಳತಿಯೊಬ್ಬಳು ಅಕ್ಕನಿಗೆ ನೌಪಾಡಾದ ಥೆರಪಿಸ್ಟ್ ಒಬ್ಬರ ವಿಷಯ ಹೇಳಿದಳು. ಔಷಧಿ ಇಲ್ಲ, ಮಾತ್ರೆ ಇಲ್ಲ, ಒಳಮನಸ್ಸಿನಲ್ಲಿ ಹೂತುಹೋದದ್ದನ್ನು ಹೊರಗೆ ತೆಗೆಯುತ್ತಾರೆ ಎಂದು. ಒಬ್ಬಳೇ ರಿಕ್ಷಾ ಹತ್ತಲೂ ಅಕ್ಕ ಹೆದರುತ್ತಿದ್ದ ದಿನಗಳು ಅವು, ಹಾಗಾಗಿ ನಾನು ರಜೆ ಹಾಕಿ ಜೊತೆಗೆ ಹೋದೆ.

ಸೀರೆ ಅಂಗಡಿಯ ಮೇಲಿನ ಮಹಡಿ. ತಣ್ಣನೆಯ ಕೋಣೆ, ಗೋಡೆಯ ತುಂಬ ಸರ್ಟಿಫಿಕೇಟುಗಳು, ಮೂಲೆಯಲ್ಲಿ ಕರೆಂಟಿನ ಪುಟ್ಟ ಕಾರಂಜಿ ಸಣ್ಣಗೆ ಸದ್ದು ಮಾಡುತ್ತಿತ್ತು. ಅವರು ಐವತ್ತರ ಆಸುಪಾಸಿನ ಮೆದುಮಾತಿನ ಮನುಷ್ಯ. ಮೋಸಗಾರನ ಮುಖವಲ್ಲ. ಅಕ್ಕ ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದರು. ಅಲ್ಲಿಯವರೆಗೆ ಯಾವ ಡಾಕ್ಟರೂ ಅವಳ ಮಾತನ್ನು ಅಷ್ಟು ಹೊತ್ತು ಕೇಳಿರಲಿಲ್ಲ. "ಬಾಡೀ ಝೂಟ್ ನಹೀ ಬೋಲ್ತೀ" ಎಂದರು, ದೇಹ ಸುಳ್ಳು ಹೇಳುವುದಿಲ್ಲ. ಅವಳನ್ನು ಒರಗು ಕುರ್ಚಿಯಲ್ಲಿ ಮಲಗಿಸಿ, ಕಣ್ಣು ಮುಚ್ಚಿಸಿ, ಹಿಂದಿಯಲ್ಲಿ ಮೆಲ್ಲಗೆ ಕೇಳತೊಡಗಿದರು.

"ಉಸಿರು ಕಟ್ಟುತ್ತಿದೆ. ನೀವು ಸಣ್ಣವರಿದ್ದೀರಿ. ಸುತ್ತ ನೀರಿದೆಯಾ?"

ಅಕ್ಕ ಮುಚ್ಚಿದ ಕಣ್ಣನ್ನು ಇನ್ನೂ ಬಿಗಿದಳು. "ಇರಬಹುದು."

"ಇದೆ. ನೀರಿದೆ. ಹತ್ತಿರ ಯಾರಿದ್ದಾರೆ? ಗಂಡಸೋ, ಹೆಂಗಸೋ?"

"ಗೊತ್ತಾಗ್ತಿಲ್ಲ."

"ಮುಖ ಬೇಡ, ಕೈ ನೋಡಿ. ಕೈಯಲ್ಲಿ ಬಳೆ ಇದೆಯಾ?"

ಅಕ್ಕ "ಇದೆ" ಎಂದಳು, ಮತ್ತೆ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಹೊರಗೆ ಬಂದಾಗ ಅವಳ ಮುಖ ಹಗುರವಾಗಿತ್ತು. ಬಹಳ ದಿನಗಳ ನಂತರ ಹಸಿವಾಗುತ್ತಿದೆ ಎಂದಳು. ನೌಪಾಡಾದ ಹೋಟೆಲಿನಲ್ಲಿ ಎರಡು ದೋಸೆ ತಿಂದಳು. ನನಗೂ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಸಂಜೆ ಡೊಂಬಿವಲಿ ಗಾಡಿಯಲ್ಲಿ ಕುಳಿತಾಗ ಒಂದು ಮಾತು ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. "ಇರಬಹುದು" ಎಂದವಳು ಅಕ್ಕ. "ಇದೆ" ಎಂದವರು ಅವರು.

ಮುಂದಿನ ಸಲ ಬಳೆಗಳಿಗೆ ಬಣ್ಣ ಬಂತು, ಹಸಿರು. ಆಮೇಲೆ ನೀಲಿ ಡ್ರಮ್ ಬಂತು, ಮೋರಿಯ ಗಿಡ್ಡ ಕಟ್ಟೆ ಬಂತು, ತಲೆಯ ಹಿಂಭಾಗವನ್ನು ಒತ್ತಿ ಹಿಡಿದ ಅಂಗೈ ಬಂತು. ಪ್ರತಿ ಸಲವೂ ಅಕ್ಕ ನನಗೆ ಫೋನು ಮಾಡಿ, ಸೀರಿಯಲ್ಲಿನ ಕತೆ ಹೇಳಿದಷ್ಟು ಸ್ಪಷ್ಟವಾಗಿ ಹೇಳುತ್ತಿದ್ದಳು. ಕೊನೆಗೊಂದು ದಿನ ಧ್ವನಿ ಇಳಿಸಿ, "ಮುಖ ಕಾಣಿಸ್ತು ಕಣೆ" ಎಂದಳು.

"ಯಾರದು?"

"ನಿನ್ನ ಮನೆಯಲ್ಲೇ ಇದ್ದಾರೆ."

ನಾನು ಫೋನು ಹಿಡಿದುಕೊಂಡೇ ಹಾಲಿನ ಕಡೆ ನೋಡಿದೆ. ದೊಡ್ಡಮ್ಮ ನೆಲದ ಮೇಲೆ ಪೇಪರ್ ಹಾಸಿಕೊಂಡು ಬಸಳೆ ಬಿಡಿಸುತ್ತಿದ್ದರು.

ಆ ವಾರ ನಾನೊಬ್ಬಳೇ ನೌಪಾಡಾಕ್ಕೆ ಹೋದೆ. ಥೆರಪಿಸ್ಟ್ ಚಹಾ ತರಿಸಿ ಕೂರಿಸಿದರು. ನಾನು ಕೇಳಿದ್ದು ಒಂದೇ ಪ್ರಶ್ನೆ.

"ಅಂಥದ್ದೇನೂ ಆಗೇ ಇಲ್ಲದಿದ್ದರೆ, ಅದು ನಿಮಗೆ ಹೇಗೆ ಗೊತ್ತಾಗುತ್ತದೆ?"

"ಆಗದೆ ದೇಹ ಹೀಗೆ ಮಾಡುವುದಿಲ್ಲ."

"ಅವಳಿಗೆ ಏನೂ ನೆನಪಾಗದೇ ಹೋಗಿದ್ದರೆ?"

"ಆಗ ಗಾಯ ಇನ್ನೂ ಆಳದಲ್ಲಿದೆ ಎಂದರ್ಥ."

"ನಮ್ಮ ದೊಡ್ಡಮ್ಮ ಇಲ್ಲ ಎಂದರೆ?"

"ಮಾಡಿದವರು ಇಲ್ಲ ಎಂದೇ ಹೇಳುತ್ತಾರೆ." ಅವರು ಕನಿಕರದಿಂದ ನನ್ನನ್ನು ನೋಡಿದರು. "ನಿಮಗೆ ಯಾಕೆ ಇಷ್ಟು ವಿರೋಧ ಹುಟ್ಟುತ್ತಿದೆ? ಆ ಮನೆಯಲ್ಲಿ ನೀವೂ ಇದ್ದಿರಿ, ಅಲ್ಲವಾ? ಒಮ್ಮೆ ಯೋಚಿಸಿ ನೋಡಿ."

ಮೆಟ್ಟಿಲಿಳಿಯುವಾಗ ನನಗೆ ಸಿಟ್ಟು ಬಂದಿತ್ತು. ಯಾವ ಗುಂಡಿ ಒತ್ತಿದರೂ ಒಂದೇ ಉತ್ತರ ತೋರಿಸುವ ಕ್ಯಾಲ್ಕುಲೇಟರನ್ನು ನಮ್ಮ ಆಫೀಸಿನಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಆದರೆ ಸಿಟ್ಟಿನ ಜೊತೆಗೆ ಅವರ ಕೊನೆಯ ಮಾತೂ ನನ್ನೊಂದಿಗೆ ಇಳಿದು ಬಂತು. ಠಾಣೆಯಿಂದ ವಾಶಿಗೆ ಹೋಗುವ ಗಾಡಿಯಲ್ಲಿ ಕಿಟಕಿಯ ಪಕ್ಕ ಕಣ್ಣು ಮುಚ್ಚಿದೆ. ಐರೋಲಿ ದಾಟುವಷ್ಟರಲ್ಲಿ ನನಗೂ ಕಾಣಿಸಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೇನೆ, ಚಿಕ್ಕವಳು, ಕೈಯಲ್ಲಿ ಏನೋ ತಿಂಡಿ. ಮೋರಿಯ ಕಡೆ ಬಗ್ಗಿದ ಒಂದು ಬೆನ್ನು. ಹಸಿರು ಬಳೆ. ಒದ್ದಾಡುವ ಎರಡು ಕಾಲು. ಕಣ್ಣು ಬಿಟ್ಟರೆ ಎದುರಿನ ಸೀಟಿನಲ್ಲಿ ಯಾರೋ ಕಡಲೆಕಾಯಿ ಸುಲಿಯುತ್ತಿದ್ದರು. ಇದನ್ನು ನಾನು ಅಕ್ಕನ ಬಾಯಿಂದ ಕೇಳಿ ಕಟ್ಟಿಕೊಂಡದ್ದೋ, ನಿಜವಾಗಿ ನೋಡಿದ್ದೋ ಹೇಳಲು ನನ್ನ ಹತ್ತಿರ ಯಾವ ದಾರಿಯೂ ಇರಲಿಲ್ಲ. ಎರಡೂ ಒಂದೇ ಥರ ಕಾಣುತ್ತವೆ ಎಂಬುದು ಆವತ್ತು ಗೊತ್ತಾಯಿತು.

ಭಾನುವಾರ ಅಕ್ಕ ಡೊಂಬಿವಲಿಗೆ ಬಂದಳು. ಭಾವ ಕಾರಿನಲ್ಲಿ ಬಿಟ್ಟು ಹೋದರು. ಹೋಗುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, "ನೀನೇ ಸ್ವಲ್ಪ ನೋಡ್ಕೊಳ್ಳಮ್ಮ, ನಾನು ಏನೇ ಹೇಳಿದ್ರೂ ಇವಳಿಗೆ ತಪ್ಪಾಗಿ ಕಾಣ್ಸುತ್ತೆ" ಎಂದರು. ಜಗಳ ಆಗುತ್ತದೆ ಎಂದು ನಾನು ಹೆದರಿದ್ದೆ. ಜಗಳವಾಗಲಿಲ್ಲ. ಅಕ್ಕ ದೊಡ್ಡಮ್ಮನ ಎದುರು ಕುರ್ಚಿ ಎಳೆದುಕೊಂಡು, ಬ್ಯಾಂಕಿನಲ್ಲಿ ಗಿರಾಕಿಯ ಜೊತೆ ಮಾತಾಡುವ ಸಮಾಧಾನದ ಧ್ವನಿಯಲ್ಲಿ ಕೇಳಿದಳು.

"ದೊಡ್ಡಮ್ಮ, ನೀವು ನನ್ನ ತಲೆಯನ್ನು ನೀರಿಗೆ ಒತ್ತಿ ಹಿಡಿದಿದ್ರಿ. ಯಾಕೆ?"

ದೊಡ್ಡಮ್ಮನಿಗೆ ಮೊದಲು ಅರ್ಥವಾಗಲಿಲ್ಲ. "ಎಂತದು ಮಗಾ? ಎಂತ ನೀರು?"

"ವರ್ತಕ ನಗರದ ಮನೆಯಲ್ಲಿ. ಮೋರಿಯಲ್ಲಿ. ನೀಲಿ ಡ್ರಮ್ಮು, ಕೈಯಲ್ಲಿ ಹಸಿರು ಬಳೆ."

"ಅಯ್ಯೋ ದೇವರೇ. ಯಾರು ಹೇಳಿದ್ದು ನಿಂಗೆ?"

"ಯಾರೂ ಹೇಳ್ಲಿಲ್ಲ. ನನಗೇ ನೆನಪಾಯ್ತು."

"ಪೆಟ್ಟು ಕೊಟ್ಟದ್ದುಂಟು ಮಗಾ. ಇಲ್ಲ ಅಂತ ಹೇಳುದಿಲ್ಲ. ಅದೆಲ್ಲ ಮಾಡ್ಲಿಲ್ಲ ನಾನು. ಮಾಡ್ಲಿಲ್ಲ."

ಅಕ್ಕ ತಲೆಯಾಡಿಸಿದಳು, ಆ ಉತ್ತರ ಮೊದಲೇ ಗೊತ್ತಿತ್ತು ಎನ್ನುವ ಹಾಗೆ. ಚಹಾ ಮುಟ್ಟಲಿಲ್ಲ. ಅವಳು ಹೋದ ಮೇಲೆ ದೊಡ್ಡಮ್ಮ ಬಹಳ ಹೊತ್ತು ತಮ್ಮ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕುಳಿತಿದ್ದರು.

ಆಫೀಸಿನ ಗೆಳತಿಯ ಮೂಲಕ ಠಾಣೆಯ ಒಂದು ಆಸ್ಪತ್ರೆಯ ಮನಶ್ಶಾಸ್ತ್ರಜ್ಞೆಯನ್ನು ಕಂಡೆ. ಮರಾಠಿ ಹೆಂಗಸು, ದಣಿದ ಕಣ್ಣು, ಹೊರಗೆ ಬೆಂಚಿನ ತುಂಬ ಜನ. ನಾನು ಎಲ್ಲವನ್ನೂ ಹೇಳಿ, "ಇದು ನಿಜವಾ ಸುಳ್ಳಾ ಹೇಳಿ" ಎಂದೆ.

"ಮಾಹೀತ್ ನಾಹೀ" ಎಂದರು ಅವರು. ಗೊತ್ತಿಲ್ಲ.

ಅಷ್ಟು ದಿನಗಳಲ್ಲಿ ಆ ಮಾತು ಹೇಳಿದ ಮೊದಲ ಮನುಷ್ಯರು ಅವರು. ನನಗೆ ಅಳು ಬಂತು. ಅವರು ನೀರಿನ ಬಾಟಲಿ ನನ್ನ ಕಡೆ ಸರಿಸಿದರು.

"ನಿಮ್ಮಕ್ಕ ನಟಿಸುತ್ತಿಲ್ಲ. ಅವರಿಗೆ ಅದು ಕಾಣುತ್ತಿದೆ, ನೋವೂ ನಿಜ. ಆದರೆ ನೆನಪು ಎಷ್ಟು ಸ್ಪಷ್ಟವಾಗಿದೆ, ಎಷ್ಟು ಅಳು ಬಂತು ಎಂಬುದರಿಂದ ಅದು ನಡೆದಿದೆಯೋ ಇಲ್ಲವೋ ಹೇಳಲಾಗುವುದಿಲ್ಲ. ಕೇಳಿದ್ದನ್ನೇ ಕೇಳುತ್ತ ಹೋದರೆ ಮನಸ್ಸು ಚಿತ್ರ ಕಟ್ಟಿಕೊಡುತ್ತದೆ, ನಿಮಗೂ ಕಟ್ಟಿಕೊಟ್ಟಿತಲ್ಲ. ಹಾಗೆಂದು ಆಗಿರಲೇ ಇಲ್ಲ ಎಂದು ತೀರ್ಮಾನ ಮಾಡಿ ನೀವು ಮನೆಗೆ ಹೋಗಬೇಡಿ. ಮನೆಗಳಲ್ಲಿ ಮಕ್ಕಳಿಗೆ ಕೆಟ್ಟದ್ದು ಆಗುತ್ತದೆ, ದಿನಾ ನೋಡುತ್ತೇನೆ. ಇಬ್ಬರ ತಲೆಯ ಹೊರಗೆ ಏನಾದರೂ ಇದೆಯಾ? ಆಗ ಅಲ್ಲಿದ್ದವರು ಬೇರೆ ಯಾರಾದರೂ?"

ಅಮ್ಮ, ದೊಡ್ಡಪ್ಪ ಈಗಿಲ್ಲ. ಉಳಿದವರು ಒಬ್ಬರೇ, ನಾವು ಕಾಕು ಎನ್ನುತ್ತಿದ್ದ ವರ್ತಕ ನಗರದ ಪಕ್ಕದ ಮನೆಯ ಮರಾಠಿ ಹೆಂಗಸು. ಈಗ ಕಲ್ಯಾಣದಲ್ಲಿ ಮಗಳ ಮನೆಯಲ್ಲಿದ್ದರು. ನಾನು ಬೇಕೆಂದೇ ದೊಡ್ಡಮ್ಮನ ಹೆಸರು ಎತ್ತದೆ, ಆ ಮನೆಯಲ್ಲಿ ನೀರು ಹೇಗೆ ತುಂಬಿಡುತ್ತಿದ್ದರು ಎಂದಷ್ಟೇ ಕೇಳಿದೆ. ಆ ಕಾಲಕ್ಕೆ ಪ್ಲಾಸ್ಟಿಕ್ ಡ್ರಮ್ ಎಲ್ಲಿ ಬಂತು, ಎಲ್ಲರ ಮನೆಯಲ್ಲೂ ಹಿತ್ತಾಳೆ ಹಂಡೆ, ಕೊಡ, ಎಂದರು ಕಾಕು. "ಡ್ರಮ್ ನಾನೂ ನಿಮ್ಮ ದೊಡ್ಡಮ್ಮನೂ ಒಟ್ಟಿಗೆ ತಂದದ್ದು, ನೀವೆಲ್ಲ ಆಗ ದೊಡ್ಡ ಕ್ಲಾಸಿಗೆ ಹೋಗುತ್ತಿದ್ದಿರಿ." ನನ್ನ ಎದೆಯ ಭಾರ ಇಳಿಯುತ್ತಿತ್ತು. ಅಷ್ಟರಲ್ಲಿ ಅವರು ಏನೋ ನೆನಪಾಗಿ ನಿಲ್ಲಿಸಿದರು.

"ಆದರೆ ನಿಮ್ಮಲ್ಲಿ ಒಬ್ಬಳು ನೀರಿಗೆ ಬಿದ್ದದ್ದು ಹೌದಲ್ಲ. ಕಟ್ಟಡದ ಕೆಳಗಿನ ನೀರಿನ ಟಾಕಿಗೆ. ಮುಚ್ಚಳ ತೆಗೆದಿಟ್ಟಿದ್ದರು. ನಿಮ್ಮ ದೊಡ್ಡಮ್ಮನೇ ಕೂದಲು ಹಿಡಿದು ಎಳೆದು ತೆಗೆದಳು, ಇಡೀ ಕಟ್ಟಡ ಓಡಿ ಬಂದಿತ್ತು."

"ಬಿದ್ದದ್ದು ಅಕ್ಕನಾ?"

ಕಾಕು ನನ್ನ ಮುಖವನ್ನೇ ನೋಡಿದರು. "ನಿನ್ನಕ್ಕನೋ, ನೀನೋ. ಈಗ ನೆನಪಿಲ್ಲ ಮಗಳೇ. ಇಬ್ಬರೂ ಒಂದೇ ಥರದ ಫ್ರಾಕು ಹಾಕುತ್ತಿದ್ದಿರಿ."

ಕಾಕುವಿನ ನೆನಪೂ ನೆನಪೇ, ಅದೂ ತಪ್ಪಿರಬಹುದು. ಇಷ್ಟನ್ನೇ ಅಕ್ಕನಿಗೆ ಹೇಳಿದೆ. ಅವಳು ಥೆರಪಿಸ್ಟರ ಹತ್ತಿರ ಹೇಳಿದಳು. ಮರುದಿನ ಅಲ್ಲಿಂದ ಉತ್ತರ ಬಂತು. ಡ್ರಮ್ಮೋ ಟಾಕಿಯೋ, ಮನಸ್ಸು ಪಾತ್ರೆ ಬದಲಿಸುತ್ತದೆ. ಎಳೆದು ತೆಗೆದವರೇ ದೂಡಿದವರು. ನಾನು ಕಲ್ಯಾಣದಿಂದ ಹೊತ್ತು ತಂದದ್ದೂ ಥೆರಪಿಸ್ಟರ ಪರವಾದ ಸಾಕ್ಷಿಯಾಯಿತು.

ಈ ನಡುವೆ ಮನೆಯಲ್ಲಿ ದೊಡ್ಡಮ್ಮ ಮೆತ್ತಗಾಗುತ್ತಿದ್ದರು. ಟಿವಿ ಹಾಕುವುದು ಬಿಟ್ಟರು. ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗಲೇ ಒಂದೊಂದು ಪ್ರಶ್ನೆ. "ಅವಳಿಗೆ ಆಗ ಎಷ್ಟು ವರ್ಷ?" "ಹಸಿರು ಬಳೆ ಅಂತ ಹೇಳಿದಳಲ್ಲ, ನನ್ನ ಹತ್ತಿರ ಹಸಿರು ಬಳೆ ಇತ್ತು, ಅಲ್ವಾ?" ಆ ಕಾಲದಲ್ಲಿ ಎಲ್ಲ ಹೆಂಗಸರ ಕೈಯಲ್ಲೂ ಹಸಿರು ಬಳೆ ಇತ್ತು ದೊಡ್ಡಮ್ಮ, ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಒಂದು ಸಂಜೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ನಿಧಾನವಾಗಿ ಹೇಳಿದರು.

"ಆ ವರ್ಷ ನನಗೆ ತಲೆ ಸರಿ ಇರ್ಲಿಲ್ಲ ಮಗಾ. ನಿನ್ನ ಅಮ್ಮ ಬದುಕುದಿಲ್ಲ ಅಂತ ಎಲ್ಲ ಹೇಳ್ತಿದ್ರು. ನಂಗೆ ಮಕ್ಕಳಿಲ್ಲ, ಮತ್ತೆ ಇದ್ದಕ್ಕಿದ್ದ ಹಾಗೆ ಎರಡು. ನೀವು ಅತ್ತರೆ ಸಿಟ್ಟು ಬರ್ತಿತ್ತು. ಪೆಟ್ಟು ಕೊಟ್ಟದ್ದು ನೆನಪುಂಟು. ಅದರ ಮೇಲೆ ಎಂತ ಮಾಡಿದೆ ಅಂತ ನೆನಪಿಲ್ಲ. ನೆನಪಿಲ್ಲ ಅಂದ ಮಾತ್ರಕ್ಕೆ ಮಾಡ್ಲಿಲ್ಲ ಅಂತ ಹೇಗೆ ಹೇಳುದು?"

"ದೊಡ್ಡಮ್ಮ, ಹಾಗೆಲ್ಲ ಯೋಚನೆ ಮಾಡ್ಬೇಡಿ."

"ಅವಳು ಸುಳ್ಳು ಹೇಳುವ ಹುಡುಗಿ ಅಲ್ಲ."

ಮತ್ತೆ ಕೆಲವು ದಿನಗಳಲ್ಲಿ ಅವರೇ ಅಕ್ಕನಿಗೆ ಫೋನು ಮಾಡಿದರು. ನಾನು ಸ್ನಾನಕ್ಕೆ ಹೋಗಿದ್ದೆ, ಹೊರಗೆ ಬಂದಾಗ ಮಾತು ಮುಗಿಯುತ್ತಿತ್ತು. "ನಾನೇ ಮಾಡಿರ್ಬೇಕು ಮಗಾ. ತಪ್ಪಾಯ್ತು" ಎನ್ನುತ್ತಿದ್ದರು.

ಅಕ್ಕನನ್ನು ಈ ಸುಳಿಯಿಂದ ಹೊರಗೆ ಎಳೆದದ್ದು ನಾನಲ್ಲ, ಆ ಮನಶ್ಶಾಸ್ತ್ರಜ್ಞೆಯೂ ಅಲ್ಲ. ಅದೇ ತಪ್ಪೊಪ್ಪಿಗೆ. ಸತ್ಯ ಹೊರಬಿದ್ದ ದಿನ ರೋಗ ಬಿಟ್ಟುಹೋಗುತ್ತದೆ ಎಂದು ಥೆರಪಿಸ್ಟ್ ಮೊದಲಿನಿಂದಲೂ ಹೇಳುತ್ತಿದ್ದರು. ಸತ್ಯ ಹೊರಬಿತ್ತು, ಮಾಡಿದವರೇ ಒಪ್ಪಿಕೊಂಡರು. ಮರುದಿನ ಬೆಳಿಗ್ಗೆ ಅಕ್ಕ ಒಬ್ಬಳೇ ಲಿಫ್ಟ್ ಹತ್ತಿದಳು, ಇನ್ನು ಹೆದರಬೇಕಾಗಿಲ್ಲ ಎಂದು. ಎರಡು ಮಹಡಿ ಇಳಿಯುವಷ್ಟರಲ್ಲಿ, ಹಿಂದೆಂದೂ ಬಾರದಷ್ಟು ಜೋರಾಗಿ ಬಂತು. ವಾಚ್‌ಮನ್ ಬಾಗಿಲು ತೆರೆದಾಗ ಅವಳು ನೆಲದ ಮೇಲೆ ಮುದುಡಿ ಕುಳಿತಿದ್ದಳು.

ನೌಪಾಡಾಕ್ಕೆ ಹೋದರೆ, ಇದರ ಕೆಳಗೆ ಇನ್ನೊಂದು ಪದರವಿದೆ ಎಂದರು ಥೆರಪಿಸ್ಟ್. "ಕಣ್ಣು ಮುಚ್ಚಿ, ಆ ಕೋಣೆಯಲ್ಲಿ ಇನ್ನೂ ಒಬ್ಬರಿದ್ದಾರೆ, ತಿರುಗಿ ನೋಡಿ."

ಅಲ್ಲಿಂದ ಎದ್ದು ಬಂದವಳು ನೇರ ನನ್ನ ಆಫೀಸಿಗೆ, ವಾಶಿಗೆ, ಟ್ಯಾಕ್ಸಿ ಮಾಡಿಕೊಂಡು ಬಂದಳು. ಸ್ಟೇಷನ್ ಎದುರಿನ ಚಹಾದಂಗಡಿಯಲ್ಲಿ ಕುಳಿತೆವು.

"ಬಾಗಿಲಲ್ಲಿ ನೀನಿದ್ದೆ" ಎಂದಳು. "ಕೈಯಲ್ಲಿ ತಿಂಡಿ ಹಿಡ್ಕೊಂಡು ನೋಡ್ತಾ ನಿಂತಿದ್ದೆ."

ನಾನು ಚಹಾದ ಲೋಟ ಕೆಳಗಿಟ್ಟೆ.

"ಅವರು ನಿನ್ನ ಹೆಸರು ಹೇಳ್ಲಿಲ್ಲ ಕಣೆ. ನಾನೇ ನೋಡಿದ್ದು. ಅಷ್ಟು ಸುಲಭವಾಗಿ ಬಂತು. ತಿರುಗಿ ನೋಡಿ ಅಂದ್ರು, ನೀನು ಬಂದೆ. ಬೇರೆ ಯಾರನ್ನ ನೋಡಿ ಅಂದಿದ್ರೂ ಅವರೇ ಬರ್ತಿದ್ರು ಅನ್ಸಿತು. ಅಮ್ಮನೂ ಬರ್ತಿದ್ರು. ನನ್ನ ಮಗಳು ಆಗ ಹುಟ್ಟಿರ್ಲೇ ಇಲ್ಲ, ಅವಳೂ ಬರ್ತಿದ್ದಳೋ ಏನೋ." ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. "ನೀನಿದ್ದೆಯಾ?"

ಐರೋಲಿಯ ಹತ್ತಿರ ರೈಲಿನಲ್ಲಿ ನನಗೆ ಕಂಡದ್ದನ್ನು ನಾನು ಅವಳಿಗೆ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. "ಗೊತ್ತಿಲ್ಲ ಅಕ್ಕ" ಎಂದೆ. "ನಾನು ತೀರಾ ಸಣ್ಣವಳು."

ಮಾರನೆಯ ವಾರ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆ ಹೆಂಗಸು ಬಾಲ್ಯದ ವಿಷಯಕ್ಕೆ ಆತುರ ಮಾಡಲಿಲ್ಲ. ಉಸಿರು ಕಟ್ಟಿದಾಗ ಏನಾಗುತ್ತದೆ ಎಂದುಕೊಳ್ಳುತ್ತೀರಿ ಎಂದು ಕೇಳಿದರು. ತಲೆ ತಿರುಗಿ ಬೀಳುತ್ತೇನೆ, ಸಾಯುತ್ತೇನೆ ಎಂದಳು ಅಕ್ಕ. ಸರಿ, ಅದು ನಿಜವೋ ಅಲ್ಲವೋ ಇಲ್ಲೇ ನೋಡೋಣ ಎಂದು, ಅವಳನ್ನು ಬೇಗ ಬೇಗ ಉಸಿರಾಡಲು ಹೇಳಿದರು. ಅಕ್ಕನ ಬೆರಳು ಜುಮ್ಮೆಂದವು, ಎದೆ ಬಡಿಯಿತು, ರೈಲಿನಲ್ಲಿ ಬಂದದ್ದೆಲ್ಲ ಆ ಕುರ್ಚಿಯಲ್ಲೇ ಬಂತು. ಅವಳು ನನ್ನ ಕಡೆ ಭಯದಿಂದ ನೋಡಿದಳು. ಬೀಳಲಿಲ್ಲ. ನಿಧಾನವಾಗಿ ಇಳಿಯಿತು. "ನಾನು ಹೇಳಿದೆ ಎಂದು ನಂಬಬೇಡಿ, ಮನೆಯಲ್ಲಿ ಮತ್ತೆ ಮಾಡಿ ನೋಡಿ. ನಾನು ಹೇಳಿದ್ದು ತಪ್ಪಾದರೆ ಬಂದು ಹೇಳಿ" ಎಂದರು. ತನ್ನ ಮಾತು ತಪ್ಪಾಗಬಹುದು ಎಂದು ನಮ್ಮೆದುರು ಹೇಳಿದ ತಜ್ಞರನ್ನು ಅಕ್ಕ ಅಲ್ಲಿಯವರೆಗೆ ನೋಡಿರಲಿಲ್ಲ. ಅಲ್ಲಿಯ ಮನೋವೈದ್ಯರು ಬರೆದುಕೊಟ್ಟ ಮಾತ್ರೆಯೂ ಶುರುವಾಯಿತು. ತಿಂಗಳುಗಟ್ಟಲೆ ಹಿಡಿಯಿತು. ಲಿಫ್ಟಿನಲ್ಲಿ ಒಂದು ಮಹಡಿ, ಆಮೇಲೆ ಎರಡು. ರೈಲಿನಲ್ಲಿ ಠಾಣೆಯಿಂದ ಕಳವಾ, ಆಮೇಲೆ ಮುಂಬ್ರಾ. ಮುಂಬ್ರಾದ ಪ್ಲಾಟ್‌ಫಾರ್ಮಿನಲ್ಲಿ ಇಳಿದು ಇಬ್ಬರೂ ಹುಚ್ಚರಂತೆ ನಕ್ಕೆವು. ಈಗ ಅವಳು ಎಂದಿನಂತೆ ಆಫೀಸಿಗೆ ಹೋಗುತ್ತಾಳೆ. ಒಮ್ಮೊಮ್ಮೆ ಬರುತ್ತದೆ, ಹೋಗುತ್ತದೆ. ಚಿತ್ರ ಮಾತ್ರ ಹೋಗಿಲ್ಲ. ಅದು ನಡೆದಿರಲಿಕ್ಕಿಲ್ಲ ಎಂದು ನನಗೆ ಗೊತ್ತು, ಆದರೂ ಕಾಣ್ತದೆ, ಎನ್ನುತ್ತಾಳೆ.

ನೌಪಾಡಾದ ಆ ಕೋಣೆ ಈಗ ದೊಡ್ಡದಾಗಿದೆ. ಪಕ್ಕದ ಮಳಿಗೆಯನ್ನೂ ಸೇರಿಸಿಕೊಂಡು ಅವರು ಬೇರೆಯವರಿಗೆ ತರಬೇತಿ ಕೊಡುತ್ತಾರೆ. ಕಲ್ಯಾಣ, ಪನ್ವೇಲ್ ಕಡೆಯಿಂದ ಕಲಿಯಲು ಬರುತ್ತಾರಂತೆ.

ಸ್ವಲ್ಪ ಗಟ್ಟಿಯಾದ ಮೇಲೆ ಅಕ್ಕ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು ದೊಡ್ಡಮ್ಮನ ಕಾಲ ಬುಡದಲ್ಲಿ ಕುಳಿತಳು.

"ದೊಡ್ಡಮ್ಮ, ನೀವು ಏನೂ ಮಾಡ್ಲಿಲ್ಲ. ನಾನು ತಪ್ಪು ತಿಳ್ಕೊಂಡದ್ದು. ಅವರು ಹಾಗೆ ಕೇಳಿ ಕೇಳಿ ನನ್ನ ತಲೆಗೆ ಬಂದದ್ದು."

ದೊಡ್ಡಮ್ಮ ಅವಳ ತಲೆ ನೇವರಿಸಲು ಕೈ ಚಾಚಿ, ಅರ್ಧದಲ್ಲಿ ಹಿಂದಕ್ಕೆ ಎಳೆದುಕೊಂಡರು.

"ನೀನು ನನ್ನ ಸಮಾಧಾನಕ್ಕೆ ಹೇಳ್ತಿದ್ದಿ. ಒಳ್ಳೆಯವಳು ನೀನು."

"ಇಲ್ಲ ದೊಡ್ಡಮ್ಮ, ನಿಜವಾಗಿ."

"ನನಗೀಗ ನೆನಪುಂಟು ಮಗಾ. ಎಲ್ಲ ನೆನಪುಂಟು." ಅವರ ಧ್ವನಿಯಲ್ಲಿ ಅಳುಕಿರಲಿಲ್ಲ. ಆವತ್ತು ಕುರ್ಚಿ ಎಳೆದುಕೊಂಡು ಕುಳಿತ ಅಕ್ಕನ ಧ್ವನಿಯಲ್ಲಿ ಇದ್ದ ಅದೇ ಶಾಂತಿ. "ಮೊದಲು ನಿನ್ನನ್ನಲ್ಲ. ಇವಳನ್ನು. ಸಣ್ಣವಳನ್ನು." ನನ್ನ ಕಡೆ ಕೈ ತೋರಿಸಿದರು. "ನೀನು ಅಡ್ಡ ಬಂದೆ. ಅದಕ್ಕೆ ನಿನ್ನನ್ನೂ."

ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅಕ್ಕ ನನ್ನನ್ನು ನೋಡಿದಳು, ನಾನು ಅಕ್ಕನನ್ನು ನೋಡಿದೆ.

ಆಸ್ಪತ್ರೆಗೆ ಕರೆದರೆ ಅವರು ಬರುವುದಿಲ್ಲ. ಮನಶ್ಶಾಸ್ತ್ರಜ್ಞೆ ಒಮ್ಮೆ ಫೋನಿನಲ್ಲಿ ಮಾತಾಡಿದರು, ದೊಡ್ಡಮ್ಮ ಮರ್ಯಾದೆಯಿಂದ ಎಲ್ಲ ಕೇಳಿ, ಹೌದು ಹೌದು ಎಂದು ಇಟ್ಟುಬಿಟ್ಟರು. ಊಟ ಮಾಡುತ್ತಾರೆ, ಬಸಳೆ ಬಿಡಿಸುತ್ತಾರೆ, ನನ್ನ ಗಂಡನ ಶರ್ಟಿನ ಗುಂಡಿ ಹೊಲಿದುಕೊಡುತ್ತಾರೆ. ಗಂಡ ಕೆಲಸಕ್ಕೆ ಹೋದ ಮೇಲೆ ನಾನು ತಲೆಗೆ ಸ್ನಾನ ಮಾಡುವ ದಿನ ಮಾತ್ರ, ಬಾತ್‌ರೂಮಿನಲ್ಲಿ ಬಕೆಟ್ಟಿಗೆ ನೀರು ಬೀಳುವ ಸದ್ದು ಶುರುವಾದ ಕೂಡಲೇ ಎದ್ದು, ಸೆರಗು ಸರಿಮಾಡಿಕೊಂಡು, ನೆರೆಮನೆಗೆ ಹೋಗಿ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕುಳಿತುಕೊಳ್ಳುತ್ತಾರೆ. ಯಾಕೆ ಬಂದಿರಿ ಎಂದು ನೆರೆಯಾಕೆ ಕೇಳಿದರೆ, ಮನೆಯಲ್ಲಿ ನಾನೂ ಅವಳೂ ಇಬ್ಬರೇ ಇದ್ದೇವೆ, ಅದಕ್ಕೆ, ಎನ್ನುತ್ತಾರಂತೆ. ನಾನು ಹೊರಗೆ ಬಂದು, ಕೂದಲು ಒರೆಸಿಕೊಂಡು, ಹೋಗಿ ಕರೆದ ಮೇಲೆಯೇ ಒಳಗೆ ಬರುತ್ತಾರೆ.